ಪರಿಸರದ ಪಾಠ ಮರಳಿನ ಗುಡ್ಡೆಯಿಂದ

ಜೂನ್ 5ರ ಪರಿಸರ ದಿನ ಬಂದರೆ ತರಬೇತಿ ಕೇಂದ್ರಗಳಲ್ಲಿ ಸಸಿ ನೆಡುವುದು, ಘೋಷಣೆ ಬರೆಸುವುದು ವಾಡಿಕೆ. ತಪ್ಪೇನಿಲ್ಲ. ಆದರೆ ಗಾರೆ ಕೆಲಸ, ಸೆಂಟ್ರಿಂಗ್, ಸಿವಿಲ್ ಡಿಪ್ಲೊಮಾ ಕಲಿಯುವವರ ಕೈಯಲ್ಲಿ ಸಸಿಗಿಂತ ಕರಣೆಯೇ ಹೆಚ್ಚು ಹೊತ್ತು ಇರುತ್ತದೆ. ನಂಜನಗೂಡಿನಲ್ಲಿ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆ ಮರಳಿನ ದಂಧೆಯ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ಹಾಗಾಗಿ ಪಾಠವನ್ನು ಮರಳಿನಿಂದಲೇ ಶುರುಮಾಡಬಹುದು.

ಮೊದಲು, ಮರಳು ಎಷ್ಟು ಉಬ್ಬಿದೆ ಎಂದು ನೋಡಬೇಕು. ಶೇ 5ರಷ್ಟು ತೇವವಿದ್ದರೂ ಮರಳಿನ ಗಾತ್ರ ಕಾಲು ಭಾಗದಷ್ಟು ಹೆಚ್ಚಬಹುದು. ನೇರ ಬದಿಯ ಗಾಜಿನ ಡಬ್ಬಿಗೆ ತೇವದ ಮರಳನ್ನು 20 ಸೆಂ.ಮೀ. ಎತ್ತರಕ್ಕೆ ಸಡಿಲವಾಗಿ ತುಂಬಿ, ಮುಳುಗುವಷ್ಟು ನೀರು ಹಾಕಿ, ಕಡ್ಡಿಯಿಂದ ಕದಡಿ ಬಿಡಿ. ಮಟ್ಟ 16ಕ್ಕೆ ಇಳಿದರೆ ಉಬ್ಬು ಶೇ 25. ಆಗ 1:6ರ ಮಾಲಿಗೆ ಒಂದು ಬಾಂಡಲಿ ಸಿಮೆಂಟಿಗೆ ಆರಲ್ಲ, ಏಳೂವರೆ ಬಾಂಡಲಿ ಮರಳು ಬೇಕು. ಆರನ್ನೇ ಹಾಕಿದರೆ ಅದು 1:4.8 ಆಗಿ ಸಿಮೆಂಟು ದಂಡ. ಮಾಲು ಕುಗ್ಗಿ ಪ್ಲಾಸ್ಟರಿಂಗ್ ಬಿರಿಯುವ ಭಯವೂ ಜಾಸ್ತಿ. ದಂಡವಾದ ಸಿಮೆಂಟು ಪರಿಸರಕ್ಕೂ ಹೊರೆ: ಜಗತ್ತಿನ ಇಂಗಾಲದ ಡೈ ಆಕ್ಸೈಡ್ ಹೊಗೆಯಲ್ಲಿ ಸುಮಾರು ಶೇ 7ರಿಂದ 8 ಸಿಮೆಂಟ್ ತಯಾರಿಕೆಯದ್ದು. ಎಂ-ಸ್ಯಾಂಡ್ ಬಳಸಿದರೂ ಈ ಪರೀಕ್ಷೆ ಬಿಡುವಂತಿಲ್ಲ.

ಎರಡನೆಯದು ನೀರು. 50 ಕೆ.ಜಿ. ಚೀಲಕ್ಕೆ ನೀರು–ಸಿಮೆಂಟ್ ಅನುಪಾತ 0.5 ಎಂದರೆ 25 ಲೀಟರ್. ಮರಳು, ಜಲ್ಲಿಯಲ್ಲಿ ಮೊದಲೇ ಇರುವ ತೇವವನ್ನು ಅದರಲ್ಲಿ ಕಳೆಯಬೇಕು. ಕಲಸಲು ಸಲೀಸಾಗಲೆಂದು ಪೈಪ್ ಬಿಟ್ಟರೆ ಕಾಂಕ್ರೀಟಿನ ಬಲ ಇಳಿಯುತ್ತದೆ. ಸೈಟಿನಲ್ಲಿ ಮೇಸ್ತ್ರಿಗೆ ಇದನ್ನು ಉಪದೇಶವಾಗಿ ಹೇಳಹೊರಟರೆ ಕೆಲಸ ಕೆಡುತ್ತದೆ. ಅಳತೆಯ ಬಕೆಟ್ ತಂದಿಟ್ಟರೆ ಸಾಕು.

ಕ್ಯೂರಿಂಗ್‌ಗೂ ಲೆಕ್ಕ ಬೇಕು. ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ. ಕಂಬಕ್ಕೆ ಗೋಣಿಚೀಲ ಸುತ್ತಿ ಒದ್ದೆ ಮಾಡಿಟ್ಟರೆ ಪೈಪಿನಲ್ಲಿ ಹೊಡೆದು ಚರಂಡಿಗೆ ಹೋಗುವ ನೀರು ಉಳಿಯುತ್ತದೆ.

ಆಮೇಲೆ ಒಂದು ದಿನ ಮಣ್ಣಿನ ಬ್ಲಾಕ್‌ಗೆ ಮೀಸಲಿಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಕೆಮ್ಮಣ್ಣನ್ನು ಜರಡಿ ಹಿಡಿದು, ಜೇಡಿ ಹೆಚ್ಚಿದ್ದರೆ ಮರಳು ಅಥವಾ ಕ್ವಾರಿ ಪುಡಿ ಬೆರೆಸಿ, ಶೇ 5ರಿಂದ 8ರಷ್ಟು ಸಿಮೆಂಟ್ ಹಾಕಿ, ಕೈಪ್ರೆಸ್ಸಿನಲ್ಲಿ ಒತ್ತುವುದು. ಬಳಿಕ ಮೂರು ವಾರ ತೇವದಲ್ಲಿಡುವುದು. ಗೂಡಿನಲ್ಲಿ ಸುಡಬೇಕಿಲ್ಲವಾದ್ದರಿಂದ ಸೌದೆ, ಕಲ್ಲಿದ್ದಲು ಬೇಡ. ಎರೆಮಣ್ಣು ಮಾತ್ರ ಒಗ್ಗದು. ನೆನೆದಾಗ ಹಿಗ್ಗಿ, ಒಣಗಿದಾಗ ಬಿರಿಯುತ್ತದೆ.

ಸಿಮೆಂಟಿಲ್ಲದೆ ಏನೂ ನಿಲ್ಲದು ಎನ್ನುವ ವಿದ್ಯಾರ್ಥಿಯನ್ನು ನಂಜನಗೂಡಿನ ಹಳೇ ಸೇತುವೆಗೆ ಕರೆದೊಯ್ಯಬೇಕು. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದು ಅದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಈ ಸೇತುವೆಯ ಕಮಾನುಗಳ ಮೇಲೆ ಮುಂದೆ ರೈಲೂ ಓಡಿತು.

ಕೊನೆಗೆ ಚೂರುಪಾರು. ಕಟ್ಟಡ ತ್ಯಾಜ್ಯಕ್ಕೆಂದೇ ದೇಶದಲ್ಲಿ ಪ್ರತ್ಯೇಕ ನಿಯಮ ಬಂದದ್ದು 2016ರಲ್ಲಿ. ವರ್ಕ್‌ಶಾಪ್‌ನಲ್ಲಿ ಇಟ್ಟಿಗೆ ಚೂರು, ಕಂಬಿ ತುಂಡು, ಮರ ಬೇರೆ ಬೇರೆ ಇಡಿಸಿ. ಪ್ಲಾಸ್ಟರಿಂಗ್ ಮಾಡುವಾಗ ಗೋಡೆಯ ಬುಡಕ್ಕೆ ಗೋಣಿ ಹಾಸಿದರೆ ಉದುರಿದ ಮಾಲು ಮಣ್ಣು ಪಾಲಾಗದು. ಬಿಗಿಯುವ ಮೊದಲೇ ಎತ್ತಿ ಬಳಸಬಹುದು. ಪ್ರತಿ ಶನಿವಾರ ಉಳಿದದ್ದನ್ನು ತೂಗಿ, ಒಂದು ಪುಸ್ತಕದಲ್ಲಿ ಬಳಸಿದ ಚೀಲಗಳ ಲೆಕ್ಕದ ಪಕ್ಕದಲ್ಲೇ ಬರೆಸಿ. ಪ್ರಾಯೋಗಿಕ ಅಂಕದಲ್ಲಿ ಒಂದಿಷ್ಟನ್ನು ಈ ಪುಸ್ತಕಕ್ಕೆ ಕೊಟ್ಟರೆ ಯಾರೂ ತೂಗುವುದನ್ನು ಮರೆಯುವುದಿಲ್ಲ.