ಹಲ್ಲಿಗೆ ತೊಡಿಸುವ ಪ್ಲಾಸ್ಟಿಕ್ ಸಾಧನಗಳು ಎಷ್ಟು ಸುರಕ್ಷಿತ?

ಓರೆಕೋರೆ ಹಲ್ಲುಗಳನ್ನು ಸರಿಪಡಿಸಲು ತಂತಿಯ ಕ್ಲಿಪ್ಪಿನ ಜೊತೆಗೆ, ಹಲ್ಲಿನ ಸಾಲಿನ ಮೇಲೆ ಕವಚದಂತೆ ಕೂರುವ ಪಾರದರ್ಶಕ ಅಲೈನರ್ ಸಹ ಈಗ ಬಳಕೆಯಲ್ಲಿದೆ. ಚಿಕಿತ್ಸೆ ಮುಗಿದ ಮೇಲೆ ಹಲ್ಲುಗಳು ಹಳೆಯ ಸ್ಥಾನಕ್ಕೆ ಮರಳದಂತೆ ತಡೆಯುವ ಸಾಧನವೇ ರಿಟೈನರ್. ಕಡಹಿನಬೈಲಿನಂತಹ ಗ್ರಾಮದಿಂದ ಮಕ್ಕಳನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕರೆದೊಯ್ದು ಇವನ್ನು ಹಾಕಿಸುವ ತಂದೆತಾಯಿಗಳಿಗೆ ಒಂದು ಸಂದೇಹ ಸಹಜ. ದಿನಕ್ಕೆ 20ರಿಂದ 22 ಗಂಟೆಗಳ ಕಾಲ ಬಾಯಿಯಲ್ಲಿರುವ ಪ್ಲಾಸ್ಟಿಕ್ಕಿನಿಂದ ವಿಷವು ಮೈಗೆ ಸೇರುವುದಿಲ್ಲವೆ?

ಪ್ಲಾಸ್ಟಿಕ್ಕುಗಳೆಲ್ಲವೂ ಒಂದೇ ಬಗೆಯವಲ್ಲ. ಬಹುಪಾಲು ಅಲೈನರುಗಳನ್ನು ಪಾಲಿಯುರೆಥೇನ್ ಅಥವಾ ಪಿ.ಇ.ಟಿ.ಜಿ. ಹಾಳೆಯನ್ನು ಕಾಯಿಸಿ, ಹಲ್ಲಿನ ಅಚ್ಚಿನ ಮೇಲೆ ಒತ್ತಿ ತಯಾರಿಸುತ್ತಾರೆ. ಹಾಳೆಯು ಮೊದಲೇ ಪೂರ್ಣ ಪಕ್ವವಾಗಿರುವುದರಿಂದ ಅದರಿಂದ ಜೊಲ್ಲಿಗೆ ಬಿಡುವ ಅಂಶ ಅತ್ಯಲ್ಪ. ಜನರು ಅಂಜುವ ಬಿಸ್ಫಿನಾಲ್-ಎ ಎಂಬ ರಾಸಾಯನಿಕವು ಪಾಲಿಕಾರ್ಬೊನೇಟ್ ತಯಾರಿಕೆಗೆ ಬೇಕಾದುದು; ಪಿ.ಇ.ಟಿ.ಜಿ. ತಯಾರಿಕೆಗೆ ಅದು ಬೇಕಿಲ್ಲ.

ಅಕ್ರಿಲಿಕ್ ರಿಟೈನರಿನ ವಿಷಯ ಸ್ವಲ್ಪ ಬೇರೆ. ಇದನ್ನು ಪುಡಿ ಮತ್ತು ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವವನ್ನು ಕಲಸಿ ಗಟ್ಟಿಗೊಳಿಸುತ್ತಾರೆ. ಸರಿಯಾಗಿ ಗಟ್ಟಿಯಾಗದಿದ್ದರೆ ಉಳಿದ ದ್ರವವು ಒಸಡನ್ನು ಕೆರಳಿಸಬಹುದು, ಕೆಲವರಿಗೆ ಅಲರ್ಜಿ ತರಬಹುದು. ತೊಡಿಸುವ ಮೊದಲು ಒಂದು ದಿನ ನೀರಿನಲ್ಲಿ ನೆನೆಸಿದರೆ ಈ ಶೇಷ ಕಡಿಮೆಯಾಗುತ್ತದೆ. ರಾಳದಿಂದ ನೇರವಾಗಿ ಯಂತ್ರದಲ್ಲಿ ಮುದ್ರಿಸಿದ ಸಾಧನಗಳನ್ನೂ ತೊಳೆದು, ಬೆಳಕಿನಲ್ಲಿ ಪೂರ್ಣವಾಗಿ ಗಟ್ಟಿಗೊಳಿಸಲೇಬೇಕು. ಅರೆಬೆಂದ ಕಡುಬು ಹೊಟ್ಟೆಗೆ ಒಗ್ಗದಂತೆ ಅರೆಪಕ್ವ ರಾಳ ಬಾಯಿಗೆ ಒಗ್ಗದು.

ಇಂತಹ ವಸ್ತುಗಳು ಜೀವಕೋಶಗಳಿಗೆ ಹಾನಿ, ಉರಿ ಅಥವಾ ಅಲರ್ಜಿ ಉಂಟುಮಾಡುತ್ತವೆಯೇ ಎಂದು ಪರೀಕ್ಷಿಸಲು ಐ.ಎಸ್.ಒ. 10993 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಜಾರಿಯಲ್ಲಿದೆ. ಆದುದರಿಂದ ಸಾಧನವು ಯಾವ ವಸ್ತುವಿನದು, ಹೇಗೆ ತಯಾರಾಯಿತು ಎಂದು ದಂತವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ಬಾಯಿಯನ್ನು ಪರೀಕ್ಷಿಸದೆ ಅಂಚೆಯಲ್ಲಿ ಕಳುಹಿಸುವ ಸಾಧನಗಳನ್ನು ಕೊಳ್ಳಬೇಡಿ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು:

1. ಸಾಧನವನ್ನು ತಣ್ಣೀರಿನಲ್ಲಿ ಮೃದುವಾದ ಬ್ರಷ್‌ನಿಂದ ದಿನವೂ ತೊಳೆಯಿರಿ. ತೊಳೆಯದ ಸಾಧನದ ಮೇಲೆ ರೋಗಾಣುಗಳೂ ಶಿಲೀಂಧ್ರವೂ ಬೆಳೆಯುತ್ತವೆ.

2. ಬಚ್ಚಲ ಹಂಡೆಯ ಕುದಿನೀರು ಬೇಡ. ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಾಗುತ್ತದೆ. ಸೊಟ್ಟಾದ ಸಾಧನ ಹಲ್ಲಿಗೆ ಸರಿಯಾಗಿ ಕೂರದು.

3. ಊಟಕ್ಕೂ ಬಿಸಿ ಕಾಫಿಗೂ ಮೊದಲು ತೆಗೆದಿಡಿ. ಬಾಯಿ ಮುಕ್ಕಳಿಸಿ ಮತ್ತೆ ತೊಡಿರಿ.

4. ಬಿರುಕು ಬಿಟ್ಟದ್ದನ್ನು ಧರಿಸಬೇಡಿ. ಬೇಡವಾದುದನ್ನು ಒಲೆಗೆ ಹಾಕಬೇಡಿ. ಪಾಲಿಯುರೆಥೇನ್ ಸುಟ್ಟಾಗ ವಿಷಾನಿಲ ಹೊರಡುತ್ತದೆ.

ಒಸಡು ಕೆಂಪಾಗುವುದು, ಬಾಯಿಯ ಉರಿ, ತುರಿಕೆ ಅಥವಾ ಹುಣ್ಣು ಕಂಡರೆ ಸಾಧನವನ್ನು ತೆಗೆದು ದಂತವೈದ್ಯರಿಗೆ ತಡಮಾಡದೆ ತಿಳಿಸಿ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಇಂತಹ ತೊಂದರೆಯಿಲ್ಲದೆ, ಕೇವಲ ಅಂಜಿಕೆಯಿಂದ ರಿಟೈನರನ್ನು ಕಪಾಟಿನಲ್ಲಿಟ್ಟರೆ ಹಲ್ಲುಗಳು ಮತ್ತೆ ಸರಿಯುತ್ತವೆ. ಮಗು ಪಟ್ಟ ಕಷ್ಟವೂ ನೀವು ಮಾಡಿದ ವೆಚ್ಚವೂ ವ್ಯರ್ಥವಾಗುತ್ತವೆ.