ತಪ್ಪು ಕೆಲವರದು, ದಂಡ ಎಲ್ಲರದು

ದಾನೋಳಿಗೆ ಸಾಂಗಲಿ ಹತ್ತಿರದ ಶಹರ. 2017ರ ನವೆಂಬರದಲ್ಲಿ ಅಲ್ಲಿ ಪೊಲೀಸರು ಹಿಡಿದ ತರುಣನೊಬ್ಬ ಠಾಣೆಯಲ್ಲೇ ಸತ್ತ. ಪೊಲೀಸರು, "ಅಂವಾ ಓಡಿ ಹೋದ" ಅಂದರು. ಹೊಡೆತದಿಂದ ಸತ್ತ, ಶವವನ್ನು ಅಂಬೋಲಿಗೆ ಒಯ್ದು ಸುಟ್ಟರು ಎಂದು ತನಿಖೆ ಹೇಳಿತು. ಫೌಜದಾರ ಮತ್ತು ಜೊತೆಗಾರರ ಬಂಧನವಾಯಿತು.

"ಅದರಿಂದ ನಮಗೇನ್ರೀ?" ಅಂತ ಕೇಳುತ್ತೀರಾ? ಲೆಕ್ಕ ನೋಡಿರಿ.

ಅಮಾನತಾದ ಪೊಲೀಸ ಕೆಲಸ ಮಾಡುವುದಿಲ್ಲ. ಆದರೂ ಅವನಿಗೆ ಸುಮಾರು ಅರ್ಧ ಪಗಾರ ಕೊಡಬೇಕು. ಅವನ ಪಾಳಿ ಉಳಿದವರ ಮೇಲೆ ಬೀಳುತ್ತದೆ. ರಾತ್ರಿ ಗಸ್ತು ಕಡಿಮೆಯಾಗುತ್ತದೆ. ಜನ ಠಾಣೆಗೆ ಹೋಗಲು ಅಂಜುತ್ತಾರೆ. ಕಳ್ಳನಿಗೆ ಲಾಭ.

ಪರಿಹಾರವೂ ಉಂಟು. ಠಾಣೆಯಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ತಾಯಿಗೆ 1,50,000 ರೂಪಾಯಿ ಕೊಡಲು 1993ರಲ್ಲಿ ಸುಪ್ರೀಂ ಕೋರ್ಟು ಸರಕಾರಕ್ಕೆ ಹೇಳಿತು. ಸರಕಾರದ ಹಣ ಯಾರದು? ನಾವು ಸಾಬೂನು ಕೊಂಡಾಗಲೂ ತೆರಿಗೆ ಕೊಡುತ್ತೇವೆ. ಅದು ನಮ್ಮದೇ ಹಣ.

ನೆನಪಿಡಿರಿ:
1. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು.
2. 24 ತಾಸಿನೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಪ್ರಯಾಣದ ವೇಳೆ ಬೇರೆ.
3. ಬಡವರಿಗೆ ಸರಕಾರದ ಖರ್ಚಿನಲ್ಲಿ ವಕೀಲ ಸಿಗುತ್ತಾನೆ.

ಒಳ್ಳೆಯ ಪೊಲೀಸರೂ ಇದ್ದಾರೆ. ಕಾಯದೆ ಪಾಲಿಸಿದರೆ ಅವರ ಭಾರವೂ ಇಳಿಯುತ್ತದೆ.

ಓದಿ, ಉತ್ತರ ಬರೆಯಿರಿ:
ಅಮಾನತಾದವನ ಪಾಳಿ ಯಾರ ಮೇಲೆ ಬೀಳುತ್ತದೆ?
ಪರಿಹಾರದ ಹಣ ಯಾರದು?