ಮನೆಯ ಪಾಸ್‌ವರ್ಡ್ ಒಬ್ಬರ ತಲೆಯಲ್ಲೇ ಇರಬಾರದು

ಮಗಳೇ, "ದೊಡ್ಡಪ್ಪಾ, ಪಾಸ್‌ವರ್ಡ್ ಮ್ಯಾನೇಜರ್ ಅಂತಾರಲ್ಲ, ನಮ್ಮ ಮನೆಗೆ ಯಾವುದು ಹಾಕಿಕೊಳ್ಳಲಿ?" ಅಂತ ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು. ಇದು ಮನೆಯಲ್ಲಿ ಇಬ್ಬರೂ ಕೂತು ಮಾಡಬೇಕಾದ ಕೆಲಸ.

ಬ್ಯಾಂಕಿನಲ್ಲಿದ್ದ ಕಾಲದಲ್ಲಿ ನನ್ನ ಮೇಜಿನ ಎದುರು ಬಂದು ಕೂತ ಎಷ್ಟೋ ಹೆಣ್ಣುಮಕ್ಕಳು ಇವತ್ತಿಗೂ ನೆನಪಾಗುತ್ತಾರೆ. ಗಂಡ ತೀರಿಕೊಂಡು ವೈಕುಂಠ ಸಮಾರಾಧನೆ ಆಗಷ್ಟೇ ಮುಗಿದಿರುತ್ತಿತ್ತು. ಠೇವಣಿ ಎಲ್ಲೆಲ್ಲಿದೆ, ವಿಮೆಯ ಕಂತು ಯಾವ ಖಾತೆಯಿಂದ ಹೋಗುತ್ತಿತ್ತು, ಕರೆಂಟ್ ಬಿಲ್ಲು ಯಾರ ಇಮೇಲಿಗೆ ಬರುತ್ತಿತ್ತು, ಒಂದೂ ಗೊತ್ತಿರುತ್ತಿರಲಿಲ್ಲ. "ಎಲ್ಲಾ ಅವರೇ ನೋಡ್ಕೋತಿದ್ರು ಸಾರ್" ಅನ್ನುವುದೊಂದೇ ಉತ್ತರ. ಓದಿದವರು, ಕೆಲಸದಲ್ಲಿದ್ದವರು ಕೂಡ. ದುಃಖದ ಮೇಲೆ ಈ ಅಲೆದಾಟ ಬೇರೆ. ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ಜನಕ್ಕೆ ಕಳ್ಳರು ನೆನಪಾಗುತ್ತಾರೆ, ನನಗೆ ಇವರು ನೆನಪಾಗುತ್ತಾರೆ. ನೀವು ಯಾವ ಆ್ಯಪ್ ಹಾಕಿಕೊಂಡರೂ ಸರಿ, ಕೊನೆಗೆ ಎರಡು ಕೆಲಸ ಆಗಿರಬೇಕು. ಹೊರಗಿನವನ ಕೈಗೆ ಪಾಸ್‌ವರ್ಡ್ ಸಿಗಬಾರದು, ಮನೆಯವರಿಗೆ ಬೇಕಾದ ದಿನ ಸಿಗಬೇಕು. ಮೊದಲನೆಯದನ್ನು ಎಲ್ಲರೂ ಹೇಳಿಕೊಡುತ್ತಾರೆ. ಎರಡನೆಯದನ್ನು ಮನೆಯ ಹಿರಿಯರೇ ಹೇಳಬೇಕು.

ಕಳ್ಳರ ವಿಷಯ ಬೇಗ ಹೇಳಿಬಿಡುತ್ತೇನೆ. ನಿನ್ನ ಪಾಸ್‌ವರ್ಡನ್ನು ಯಾರೋ ಕೂತು ಊಹಿಸುವುದು ಅಪರೂಪ. ಎಲ್ಲೋ ಒಂದು ಕಂಪನಿಯಿಂದ ಅದು ಸೋರಿಹೋಗುತ್ತದೆ, ಅದೇ ಇಮೇಲು ಅದೇ ಪಾಸ್‌ವರ್ಡನ್ನು ಕಳ್ಳರು ಸಾವಿರ ಕಡೆ ಹಾಕಿ ನೋಡುತ್ತಾರೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಇದ್ದದ್ದು ಇದ್ದಹಾಗೇ ಹೊರಬಂತು. ಅದರಲ್ಲಿ ಅತಿ ಹೆಚ್ಚು ಜನ ಇಟ್ಟಿದ್ದದ್ದು 123456. ನಮ್ಮ ದೇಶದಲ್ಲೂ 2017ರ ಮೇ ತಿಂಗಳಲ್ಲಿ ಜೊಮ್ಯಾಟೊದಿಂದ 1.7 ಕೋಟಿ ಬಳಕೆದಾರರ ದಾಖಲೆ ಕಳುವಾಯಿತು. ಕಂಪ್ಯೂಟರ್ ಬಲ್ಲವರೂ ಇದರಿಂದ ಪಾರಾಗಿಲ್ಲ. 2012ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿಯ ಉದ್ಯೋಗಿಯೊಬ್ಬರ ಖಾತೆಗೇ ಕದ್ದ ಪಾಸ್‌ವರ್ಡಿನಿಂದ ನುಗ್ಗಿದ್ದರು. ಹಾಗಾಗಿ ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಬೇಕು. ನೂರು ಪಾಸ್‌ವರ್ಡ್ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅವನ್ನು ಹುಟ್ಟಿಸಿ ನೆನಪಿಡುವ ಕೆಲಸವನ್ನೇ ಮ್ಯಾನೇಜರ್‌ಗೆ ಬಿಡುವುದು.

ಇನ್ನು ಆಯ್ಕೆ. ಅಳಿಯಂದಿರ ಹತ್ತಿರ ಐಫೋನ್, ನಿನ್ನದು ಆಂಡ್ರಾಯ್ಡ್, ಮನೆಯಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್. ಇಂಥ ಮನೆಗೆ ಬಿಟ್‌ವಾರ್ಡನ್ ಹಾಕಿಕೊಳ್ಳಿ ಎಂದೇ ನನ್ನ ಸಲಹೆ. 2016ರಲ್ಲಿ ಶುರುವಾದದ್ದು, ಅದರ ಮೂಲ ಕೋಡ್ ಯಾರು ಬೇಕಾದರೂ ನೋಡುವಂತೆ ತೆರೆದಿದೆ. ದುಡ್ಡು ಕೊಡದೆಯೂ ಎಷ್ಟು ಪಾಸ್‌ವರ್ಡ್ ಬೇಕಾದರೂ, ಎಷ್ಟು ಫೋನಿನಲ್ಲಿ ಬೇಕಾದರೂ ಇಡಬಹುದು. ಇಬ್ಬರ ನಡುವೆ ಹಂಚಿಕೊಳ್ಳುವುದಕ್ಕೂ ಉಚಿತ ಖಾತೆಯೇ ಸಾಕು, ಇಡೀ ಕುಟುಂಬಕ್ಕೆ ಬೇಕೆಂದರೆ ಆರು ಜನರ ಪ್ಲಾನ್ ಇದೆ.

ಒನ್‌ಪಾಸ್‌ವರ್ಡ್ ಕೂಡ ಒಳ್ಳೆಯದು, ಆದರೆ ಚಂದಾ ಕಟ್ಟಲೇಬೇಕು. ಅದರಲ್ಲಿ ಮ್ಯಾನೇಜರ್ ತೆರೆಯಲು ನೀನು ಇಡುವ ಮುಖ್ಯ ಪಾಸ್‌ವರ್ಡ್ ಜೊತೆಗೆ ಆ್ಯಪೇ ಹುಟ್ಟಿಸಿಕೊಡುವ ಒಂದು ಸೀಕ್ರೆಟ್ ಕೀ ಇರುತ್ತದೆ. ಬ್ಯಾಂಕ್ ಲಾಕರಿಗೆ ನಮ್ಮದೊಂದು ಕೀಲಿ, ಗಿರಾಕಿಯದೊಂದು ಕೀಲಿ ಇರುತ್ತಿತ್ತಲ್ಲ, ಹಾಗೆ ಎರಡೂ ಸೇರಿದರೇ ಬಾಗಿಲು ತೆಗೆಯುವುದು. ಕೀಪಾಸ್ ಎಕ್ಸ್‌ಸಿಯಲ್ಲಿ ಎಲ್ಲವೂ ನಿನ್ನ ಕಂಪ್ಯೂಟರಿನ ಒಂದು ಫೈಲಿನಲ್ಲೇ ಇರುತ್ತದೆ, ಕಂಪನಿಯ ಸರ್ವರ್ ಇಲ್ಲ. ನನಗೆ ಬಹಳ ಇಷ್ಟವಾದದ್ದು. ಆದರೆ ಆ ಫೈಲಿನ ನಕಲು ತೆಗೆದಿಡುವ ಶಿಸ್ತು ಇಲ್ಲದವರು ಅದರ ತಂಟೆಗೆ ಹೋಗಬಾರದು. ಡಿಸ್ಕ್ ಕೆಟ್ಟ ದಿನ ಎಲ್ಲವೂ ಹೋಯಿತು. ಗೂಗಲ್, ಆ್ಯಪಲ್ ಫೋನಿನ ಜೊತೆಗೇ ಕೊಡುವುದೂ ಕೆಲಸಕ್ಕೆ ಬರುತ್ತದೆ. ನಿಮ್ಮ ಅತ್ತೆಯವರ ಹತ್ತಿರ ಒಂದೇ ಆಂಡ್ರಾಯ್ಡ್ ಫೋನ್ ಇದೆ ಅಂದರೆ ಅವರಿಗೆ ಅದೇ ಸಾಕು, ಫೋನಿನ ಪಿನ್ ಮಾತ್ರ ಹುಟ್ಟಿದ ಇಸವಿ ಆಗಿರಬಾರದು.

"ಎಲ್ಲವನ್ನೂ ಒಂದೇ ಕಡೆ ಇಟ್ಟರೆ, ಅಲ್ಲೇ ಕಳ್ಳ ನುಗ್ಗಿದರೆ?" ಎಂದು ನೀನು ಕೇಳಿಯೇ ಕೇಳುತ್ತೀಯ. ನುಗ್ಗಿದ್ದಾರೆ, ಮುಚ್ಚಿಡುವುದಿಲ್ಲ. 2022ರ ಆಗಸ್ಟ್‌ನಲ್ಲಿ ಲಾಸ್ಟ್‌ಪಾಸ್ ಎಂಬ ದೊಡ್ಡ ಕಂಪನಿಯ ಕೋಡ್ ಕಳುವಾಯಿತು. ಆಮೇಲೆ ಅದೇ ಕಳ್ಳರು ಅಲ್ಲಿನ ಒಬ್ಬ ಹಿರಿಯ ಎಂಜಿನಿಯರ್ ಮನೆಯ ಕಂಪ್ಯೂಟರಿಗೇ ಹೊಕ್ಕು, ಅವರು ಟೈಪ್ ಮಾಡಿದ ಪಾಸ್‌ವರ್ಡ್ ಹಿಡಿದು, ಗ್ರಾಹಕರ ವಾಲ್ಟುಗಳ (ಪಾಸ್‌ವರ್ಡ್ ಇಟ್ಟ ಪೆಟ್ಟಿಗೆಗಳ) ಬ್ಯಾಕಪ್ಪನ್ನೇ ಎತ್ತಿಕೊಂಡು ಹೋದರು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಜಾಲತಾಣಗಳ ವಿಳಾಸ ಮಾತ್ರ ತೆರೆದೇ ಇತ್ತು, ಯಾರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದು ಕಳ್ಳರಿಗೆ ಕಾಣುತ್ತಿತ್ತು.

ಈ ಪ್ರಕರಣವನ್ನು ನೀವಿಬ್ಬರೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ವಾಲ್ಟಿನ ನಕಲು ಒಮ್ಮೆ ಕಳ್ಳನ ಕೈ ಸೇರಿದರೆ ಮೂರು ಸಲ ತಪ್ಪಿದರೆ ಲಾಕ್ ಆಗುವ ರಕ್ಷಣೆ ಇರುವುದಿಲ್ಲ. ವರ್ಷಗಟ್ಟಲೆ ಕೂತು ಮುಖ್ಯ ಪಾಸ್‌ವರ್ಡನ್ನು ಊಹಿಸುತ್ತಾ ಇರಬಹುದು. ಪ್ರತಿ ಊಹೆಯೂ ನಿಧಾನವಾಗಲಿ ಎಂದು ಈ ಆ್ಯಪ್‌ಗಳು ಒಂದು ಲೆಕ್ಕವನ್ನು ಲಕ್ಷಾಂತರ ಸಲ ಮಾಡಿಸುತ್ತವೆ. ಲಾಸ್ಟ್‌ಪಾಸ್‌ನಲ್ಲಿ ಹೊಸ ಖಾತೆಗಳಿಗೆ ಅದು 1,00,100 ಸಲ ಇದ್ದರೆ, ಎಷ್ಟೋ ಹಳೆಯ ಖಾತೆಗಳಲ್ಲಿ 5,000ಕ್ಕೇ ನಿಂತುಬಿಟ್ಟಿತ್ತು. ಕಳುವಾದ ಮೇಲೆ ಮುಖ್ಯ ಪಾಸ್‌ವರ್ಡ್ ಬದಲಾಯಿಸಿ ನೆಮ್ಮದಿಯಾಗಿ ಮಲಗಿದವರೂ ಇದ್ದರು. ಅದರಿಂದ ಏನೂ ಪ್ರಯೋಜನವಿಲ್ಲ, ಕಳ್ಳನ ಹತ್ತಿರವಿರುವ ನಕಲು ಹಳೆಯ ಪಾಸ್‌ವರ್ಡಿಗೇ ತೆರೆಯುತ್ತದೆ. ಒಳಗಿದ್ದ ಒಂದೊಂದು ಪಾಸ್‌ವರ್ಡನ್ನೂ ಬದಲಾಯಿಸಬೇಕಿತ್ತು. ಮುಖ್ಯ ಪಾಸ್‌ವರ್ಡ್ ಗಟ್ಟಿಯಾಗಿದ್ದವರ ನಕಲು ಕಳ್ಳನಿಗೆ ಭೇದಿಸಲು ಬಲು ಕಷ್ಟ. ನೋಡು, ಕಂಪನಿ ಎಡವಿದ ದಿನವೂ ನಿನ್ನನ್ನು ಕಾಯುವುದು ಆ ಒಂದು ಪಾಸ್‌ವರ್ಡ್.

ಅದನ್ನು ಹೀಗೆ ಮಾಡಿಕೋ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ಡೈಸ್‌ವೇರ್ ಎಂಬ ಉಪಾಯ ಕೊಟ್ಟರು. 7,776 ಪದಗಳ ಪಟ್ಟಿ ಮಾಡಿ, ದಾಳ ಐದು ಸಲ ಹಾಕಿದರೆ ಒಂದು ಪದ ಬರುವ ಹಾಗೆ. ಆರು ಪದ ಜೋಡಿಸಿದರೆ ಆಗುವ ಸಾಧ್ಯತೆಗಳು 22ರ ಮುಂದೆ 22 ಸೊನ್ನೆ ಇಟ್ಟಷ್ಟು. ನಮಗೆ ಇಂಗ್ಲಿಷ್ ಪಟ್ಟಿಯೇ ಬೇಕೆಂದಿಲ್ಲ, ಮನೆಯಲ್ಲಿ ದಪ್ಪನೆಯ ಕನ್ನಡ ನಿಘಂಟು ಇದ್ದರೆ ಆಯಿತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚೀಟಿ ಮಾಡಿ, ಎತ್ತಿದ್ದನ್ನು ಮತ್ತೆ ಹಾಕಿ ಕಲಸುತ್ತಾ ಮೂರು ಸಲ ಎತ್ತು, ಅದು ಪುಟ. ಇನ್ನೆರಡು ಸಲ ಎತ್ತು, ಅದು ಆ ಪುಟದಲ್ಲಿ ಎಷ್ಟನೆಯ ಪದ ಎಂಬುದು. ಅಷ್ಟು ಪುಟ, ಅಷ್ಟು ಪದ ಇಲ್ಲದಿದ್ದರೆ ಮತ್ತೆ ಎತ್ತಬೇಕು. ಹೀಗೆ ಆರು ಪದ. ತೊಗಟೆ, ಲಾಳ, ಬಡಗಿ, ಇಬ್ಬನಿ, ಕೊಪ್ಪರಿಗೆ, ಹಂಚು ಅಂತ ಏನೋ ಒಂದು ಬರುತ್ತದೆ. (ಇವನ್ನೇ ಇಟ್ಟುಕೊಳ್ಳಬೇಡ, ಇಲ್ಲಿ ಬರೆದಾಯಿತಲ್ಲ.) ನಗು ಬರುವಂಥ ಒಂದು ಚಿತ್ರ ಕಟ್ಟಿಕೊಂಡರೆ ನಾಲ್ಕು ದಿನದಲ್ಲಿ ಬಾಯಿಪಾಠ. ಪದ ಚೆಂದವಿಲ್ಲ ಅಂತ ಬದಲಾಯಿಸಬೇಡ, ನಮ್ಮ ಮನಸ್ಸು ಆರಿಸಿದ್ದನ್ನು ಇನ್ನೊಬ್ಬರ ಮನಸ್ಸು ಊಹಿಸಬಲ್ಲದು. ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಖಂಡಿತ ಬೇಡ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದಾದರೆ ಲಾಳಕ್ಕೆ ಎರಡು ಎ ಹಾಕುತ್ತೀಯೋ ಒಂದೇ ಹಾಕುತ್ತೀಯೋ ಮೊದಲೇ ತೀರ್ಮಾನಿಸಿ, ಕಾಗದದ ಮೇಲೆ ಹಾಗೇ ಬರೆದಿಡು. ಇದು ಸಣ್ಣ ವಿಷಯ ಅನ್ನಿಸಬಹುದು, ಮೂರು ತಿಂಗಳಾದ ಮೇಲೆ ಬಾಗಿಲ ಹೊರಗೆ ನಿಲ್ಲಿಸುವುದು ಇದೇ.

ಹೌದು, ಕಾಗದದಲ್ಲಿ ಬರೆದಿಡು. ಭದ್ರತೆಯ ಪಂಡಿತ ಬ್ರೂಸ್ ಶ್ನೈಯರ್ ಅವರು 2005ರಲ್ಲೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ ಎಂದು ಹೇಳಿದ್ದರು. ಬಿಟ್‌ವಾರ್ಡನ್‌ನ ಮುಖ್ಯ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆದುಕೊಡಲಾರರು, ಅವರ ಹತ್ತಿರ ಅದು ಇರುವುದೇ ಇಲ್ಲ. ಆ ಪಾಸ್‌ವರ್ಡ್, ಎರಡನೆಯ ಹಂತದ ಪರೀಕ್ಷೆ ಇಟ್ಟಾಗ ಕೊಡುವ ರಿಕವರಿ ಕೋಡ್, ಇಮೇಲ್ ವಿಳಾಸ, ಇಷ್ಟನ್ನು ಕೈಯಲ್ಲೇ ಬರೆದು ಲಕೋಟೆಗೆ ಹಾಕಿ, ಮನೆಪತ್ರಗಳ ಜೊತೆ ಬೀರುವಿನಲ್ಲಿಡು. ಅಳಿಯಂದಿರದೂ ಒಂದು ಲಕೋಟೆ. ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿರಲಿ. ಅದರ ಫೋಟೊ ತೆಗೆಯಬೇಡಿ, ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ.

ದಿನದ ಬಳಕೆಯಲ್ಲಿ ಒಂದು ಗುಣ ಗಮನಿಸು. ಯಾವ ಜಾಲತಾಣದ ವಿಳಾಸಕ್ಕೆ ಪಾಸ್‌ವರ್ಡ್ ಉಳಿಸಿದ್ದೀಯೋ ಆ ವಿಳಾಸದಲ್ಲಿ ಮಾತ್ರ ಮ್ಯಾನೇಜರ್ ತಾನಾಗಿ ತುಂಬುತ್ತದೆ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ", "ಕೆವೈಸಿ ಅಪ್‌ಡೇಟ್ ಮಾಡಿ" ಎಂದು ಬಂದ ಲಿಂಕ್ ಒತ್ತಿದಾಗ ಪುಟ ಥೇಟ್ ಬ್ಯಾಂಕಿನದರಂತೆಯೇ ಇದ್ದು, ಪಾಸ್‌ವರ್ಡ್ ಮಾತ್ರ ತುಂಬಲಿಲ್ಲ ಅಂದರೆ ಅಲ್ಲೇ ಕೈ ತೆಗೆ. ಹುಡುಕಿ ನಕಲು ಮಾಡಿ ಅಂಟಿಸಲು ಹೋಗಬೇಡ. ಆದರೆ ಇದಕ್ಕೂ ಮಿತಿ ಇದೆ. ಯಾರೋ ಕಳಿಸಿದ ಎಪಿಕೆ ಫೈಲನ್ನು ಫೋನಿಗೆ ಹಾಕಿಕೊಂಡರೆ, ಒಟಿಪಿಯನ್ನು ಬಾಯಲ್ಲೇ ಹೇಳಿಬಿಟ್ಟರೆ, ಯಾವ ಮ್ಯಾನೇಜರೂ ಕಾಯುವುದಿಲ್ಲ. ದುಡ್ಡು ಹೋಯಿತು ಅಂದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ನಾಚಿಕೆಯಿಂದ ಗಂಟೆಗಟ್ಟಲೆ ಸುಮ್ಮನೆ ಕೂರಬಾರದು. ಯುಪಿಐ ಪಿನ್, ಎಟಿಎಂ ಪಿನ್ ತಲೆಯಲ್ಲೇ ಇರಲಿ.

ಗಂಡ ಹೆಂಡತಿ ನಡುವಿನ ಮಾತು. ಇಬ್ಬರೂ ಬೇರೆ ಬೇರೆ ಖಾತೆ ತೆರೆಯಿರಿ. ಕರೆಂಟು, ಗ್ಯಾಸು, ವೈಫೈ, ಮುಂದೆ ಮಕ್ಕಳ ಶಾಲೆಯ ಆ್ಯಪು ಹಂಚಿಕೊಂಡ ಭಾಗದಲ್ಲಿರಲಿ. ನಿನ್ನ ಸಂಬಳದ ಖಾತೆ, ನಿನ್ನ ಇಮೇಲು ನಿನ್ನವೇ. ಅವರ ಪಾಸ್‌ವರ್ಡನ್ನು ನೀನೂ ಕೇಳಬೇಡ, ನಿನ್ನದನ್ನು ಅವರೂ ಕೇಳಬಾರದು. ಪಾಸ್‌ವರ್ಡ್ ಕೊಟ್ಟರೇ ಪ್ರೀತಿ ಅನ್ನುವುದು ಸುಳ್ಳು. ಹಾಗೆಂದು ಕಷ್ಟದ ದಿನ ಕೈ ಕಟ್ಟಿಹಾಕಿದಂತೆಯೂ ಆಗಬಾರದು. ಬಿಟ್‌ವಾರ್ಡನ್‌ಗೆ ದುಡ್ಡು ಕಟ್ಟಿದರೆ ತುರ್ತು ಪ್ರವೇಶ ಎಂಬ ಸೌಲಭ್ಯ ಇದೆ. ನೀನು ಹೆಸರಿಸಿದವರು ಬೇಡಿಕೆ ಇಡುತ್ತಾರೆ, ನೀನು ಗೊತ್ತುಮಾಡಿದಷ್ಟು ದಿನದೊಳಗೆ ಬೇಡ ಅನ್ನದಿದ್ದರೆ ಮಾತ್ರ ತೆರೆಯುತ್ತದೆ. ಆ ಚಂದಾ ದಂಡವಲ್ಲ.

ಬ್ಯಾಂಕಿನವನಾಗಿ ಒಂದು ಮಾತು ಹೇಳಲೇಬೇಕು. ತೀರಿಕೊಂಡವರ ಪಾಸ್‌ವರ್ಡ್ ಸಿಕ್ಕಿತು ಅಂತ ಅವರ ಖಾತೆಯಿಂದ ದುಡ್ಡು ತೆಗೆಯುವ ಹಕ್ಕು ಬರುವುದಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು ನಾಮಿನಿಯಾಗಿಯೋ ವಾರಸುದಾರರಾಗಿಯೋ ಪಡೆಯಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೂ ನಾಮಿನಿ ಇಡಬಹುದು, ನಿಮ್ಮ ಖಾತೆಗಳಿಗೆ ಯಾರ ಹೆಸರಿದೆ ಎಂದು ನೋಡಿಕೊಳ್ಳಿ. ಮ್ಯಾನೇಜರ್‌ನಲ್ಲಿ ಒಂದು ಟಿಪ್ಪಣಿ ಬರೆದಿಡಿ: ಯಾವ ಬ್ಯಾಂಕು, ಯಾವ ವಿಮೆ, ಯಾರು ನಾಮಿನಿ. ಮನೆಯಲ್ಲಿ ಸಾವಾದಾಗ ಆ ಫೋನ್ ನಂಬರಿನ ರೀಚಾರ್ಜ್ ಬೇಗನೆ ನಿಲ್ಲಿಸಬೇಡಿ ಎಂಬುದೂ ನೆನಪಿರಲಿ, ಎಷ್ಟೋ ಕೆಲಸಕ್ಕೆ ಒಟಿಪಿ ಆ ನಂಬರಿಗೇ ಬರುತ್ತದೆ.

ನಿಮ್ಮ ಮಾವನವರು ಡೈರಿಯಲ್ಲಿ ಪಾಸ್‌ವರ್ಡ್ ಬರೆದುಕೊಂಡರೆ ಗದರಬೇಡಿ. ಬೀಗ ಹಾಕಿದ ಬೀರುವಿನ ಡೈರಿ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎಷ್ಟೋ ಮೇಲು.

ನೂರು ಖಾತೆಯನ್ನೂ ಒಂದೇ ದಿನ ಸರಿಮಾಡಲು ಹೊರಡಬೇಡ, ಸುಸ್ತಾಗಿ ಅರ್ಧಕ್ಕೇ ಬಿಡುತ್ತೀಯ. ಈ ಭಾನುವಾರ ಮ್ಯಾನೇಜರ್ ಹಾಕಿ, ಇಮೇಲಿನ ಪಾಸ್‌ವರ್ಡ್ ಬದಲಾಯಿಸಿ. ಬೇರೆಲ್ಲ ಖಾತೆಗಳ "ಪಾಸ್‌ವರ್ಡ್ ಮರೆತಿರಾ" ಸಂದೇಶ ಬರುವುದು ಅಲ್ಲಿಗೇ, ಹಾಗಾಗಿ ಮೊದಲು ಅದು. ಆಮೇಲೆ ಬ್ಯಾಂಕು, ಆದಾಯ ತೆರಿಗೆ, ಪಿಎಫ್, ಡಿಜಿಲಾಕರ್. ಉಳಿದವು ಲಾಗಿನ್ ಆದ ಹಾಗೆ ಒಂದೊಂದಾಗಿ ಸೇರಿಕೊಳ್ಳುತ್ತವೆ. ಲಕೋಟೆಗಳನ್ನು ಮಾತ್ರ ಅವತ್ತೇ ಬರೆದು ಬೀರುವಿನಲ್ಲಿಟ್ಟು ನನಗೊಂದು ಫೋನ್ ಮಾಡು ಮಗಳೇ.